ನಾತ್ಸುಮಿಯ ಟೈರುಗಳು

ಚಪ್ಪಾಳೆಯ ಸದ್ದಿನಲ್ಲೇ ತಟ್ಟುವವರ ಯೋಗ್ಯತೆ ಯಾಮಿನಿಗೆ ತಿಳಿದುಬಿಡುತ್ತಿತ್ತು. ಕಾರು ನಿಂತು ಹೆಲ್ಮೆಟ್ಟು ಇನ್ನೂ ತಲೆಯ ಮೇಲಿರುವಾಗಲೇ, ಅದರ ದಪ್ಪ ಒಳಪದರವನ್ನು ದಾಟಿ ಬಂದ ಸದ್ದು ಎರಡು ಬಗೆಯದಾಗಿತ್ತು. ಒಂದು, ಗ್ಯಾರೇಜಿನ ಬಾಗಿಲಲ್ಲಿ ಸಾಲಾಗಿ ನಿಂತ ಮೆಕ್ಯಾನಿಕ್ಕುಗಳದು: ಬೆರಳ ತುದಿಗಳಿಂದ, ಮಲಗಿದ ಮಗುವಿನ ಬೆನ್ನು ತಟ್ಟುವಂತೆ, ಎಲ್ಲರೂ ಒಟ್ಟಿಗೆ ಶುರುಮಾಡಿ ಒಟ್ಟಿಗೆ ನಿಲ್ಲಿಸಿದ್ದು. ಇನ್ನೊಂದು, ಅಪ್ಪನ ಸ್ನೇಹಿತ ಪದ್ಮನಾಭ ಅಂಕಲ್‌ದು: ಅಂಗೈ ಅಗಲಿಸಿ, ಕಲ್ಯಾಣಮಂಟಪದ ಆ ತುದಿಯಿಂದ ಅಡುಗೆಯವನನ್ನು ಕರೆಯುವ ಹಾಗೆ. ಮೊದಲನೆಯದಕ್ಕೆ ಅರ್ಥವೇ ಇರಲಿಲ್ಲ, ಎರಡನೆಯದಕ್ಕೆ ಅರ್ಥ ವಿಪರೀತವಾಗಿತ್ತು. ಅವಳು ಈಗಷ್ಟೇ ಓಡಿಸಿ ಬಂದ ಕಾರಿಗೂ ಈ ಎರಡಕ್ಕೂ ಸಂಬಂಧವಿರಲಿಲ್ಲ. ಕಾರು ಓಡಿಸದೆ ಹಿಮ್ಮುಖವಾಗಿ ತಳ್ಳಿಕೊಂಡು ಬಂದಿದ್ದರೂ ಇಷ್ಟೇ ತಟ್ಟುತ್ತಿದ್ದರು. ತಂಡದ ಮ್ಯಾನೇಜರ್ ಓಝಾಕಿ ಸಾನ್ ಮುಂದೆ ಬಂದು, ಸೊಂಟದಿಂದ ಬಾಗಿ, "ಅದ್ಭುತವಾಗಿತ್ತು" ಎಂದ. ಇದೇ ಮುಖ, ಇದೇ ಪದವನ್ನು ಅವನು ಬೆಳಿಗ್ಗೆ ಅಪ್ಪ ತಂದ ಬಿಸಿಬೇಳೆಬಾತಿಗೂ ಬಳಸಿದ್ದ.

ಜಪಾನಿನ ಹಮಾಮತ್ಸುವಿನ ಉತ್ತರಕ್ಕೆ, ಗುಡ್ಡಗಳ ನಡುವಿನ ಈ ಚಿಕ್ಕ ಸರ್ಕ್ಯೂಟಿನಲ್ಲಿ ಇವತ್ತು ಎರಡು ಕಾರು, ಇಬ್ಬರು ಹೆಂಗಸರು, ಒಂದು ಸೀಟು. ಮುಂದಿನ ವರ್ಷದ ಮಹಿಳೆಯರ ರೇಸ್ ಸರಣಿಗೆ ಓಝಾಕಿ ಸಾನ್ ಒಬ್ಬಳನ್ನೇ ಆರಿಸಬೇಕು. ಪದ್ಮನಾಭರ ಸಾಫ್ಟ್‌ವೇರ್ ಕಂಪನಿಯ ಹೆಸರು ಕಾರಿನ ಮೂತಿಯ ಮೇಲೆ ಬರುತ್ತದೆ, ಒಳಗೆ ಯಾರು ಕೂತರೂ ಸರಿ ಎಂದು ಮಾತಾಗಿತ್ತು. ಸೀಟಿಗಿಂತಲೂ ಯಾಮಿನಿಗೆ ಬೇಕಾಗಿದ್ದದ್ದು ಬೇರೆ. ತಾನು ನಿಜಕ್ಕೂ ವೇಗವುಳ್ಳವಳೋ ಅಲ್ಲವೋ ಎಂಬುದನ್ನು ಯಾರಾದರೂ, ಒಮ್ಮೆಯಾದರೂ, ಮುಲಾಜಿಲ್ಲದೆ ಹೇಳಬೇಕು. ಈ ದೇಶದಲ್ಲಿ ಅದನ್ನು ಮನುಷ್ಯರು ಹೇಳುವುದಿಲ್ಲ. ತನ್ನ ಜನ ಅದನ್ನು ಯಾವ ದೇಶದಲ್ಲೂ ಹೇಳುವುದಿಲ್ಲ. ಗಡಿಯಾರವಾದರೂ ಹೇಳೀತು ಎಂದು ಅವಳು ನಂಬಿದ್ದಳು, ಮತ್ತು ಗೋಡೆಯ ಮೇಲಿನ ಪರದೆಯಲ್ಲಿ ಅವಳ ಹೆಸರಿನ ಮುಂದಿದ್ದ ಅಂಕಿ ಓಝಾಕಿ ಸಾನ್ ಹಿಂದಿನ ವಾರ ಹೇಳಿದ್ದ ಗುರಿಗಿಂತ ಚೆನ್ನಾಗಿತ್ತು. ಸಂತೋಷವಾಗಬೇಕಾಗಿತ್ತು. ಆಗುವಷ್ಟರಲ್ಲಿ ಪದ್ಮನಾಭರು ಪ್ಲಾಸ್ಟಿಕ್ ಚೀಲದಿಂದ ಮೈಸೂರು ಪೇಟ ತೆಗೆದರು.

"ಅಂಕಲ್, ಈಗಲೇನಾ? ನಾತ್ಸುಮಿ ಸಾನ್ ಇನ್ನೂ ಓಡಿಸ್ಬೇಕು."

"ಅಯ್ಯೋ, ಓಡಿಸ್ಲಿ ಬಿಡಮ್ಮ, ಯಾರು ಬೇಡ ಅಂದ್ರು? ನಂಗೆ ಫೋರ್ ಓ ಕ್ಲಾಕ್ ಶಿನ್‌ಕಾನ್ಸೆನ್ ಇದೆ, ಉರಯಾಸು ಮುಟ್ಟೋದ್ರಲ್ಲಿ ಡಿನ್ನರ್ ಟೈಮ್ ಆಗುತ್ತೆ. ಒಂದೇ ಒಂದು ಫೋಟೋ. ಕನ್ನಡ ಸಂಘದ ಗ್ರೂಪಲ್ಲಿ ಆಲ್‌ರೆಡಿ ಎಲ್ರೂ ಕೇಳ್ತಾವ್ರೆ. ಓಝಾಕಿ ಸಾನ್, ಪ್ಲೀಸ್, ಪ್ಲೀಸ್, ಸೆಂಟರ್!"

ಬೆವರಿಗೆ ಅಂಟಿಕೊಂಡ ಕೂದಲಿನ ಮೇಲೆ ಪೇಟ ಕೂತಿತು. ಜರಿಯ ಶಾಲು ಬೆಂಕಿ ತಾಗದ ರೇಸ್ ಸೂಟಿನ ಮೇಲೆ ನಿಲ್ಲದೆ ಜಾರಿತು. ಅಪ್ಪ ಅದನ್ನು ಎತ್ತಿ ಮತ್ತೆ ಹೊದಿಸಿದರು. ಅಪ್ಪ, ರಾಮಪ್ರಸಾದ, ವಾಕೋದ ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತು ವರ್ಷದಿಂದ ಕಣ್ಣಿಗೆ ಕಾಣದ ಹರಳುಗಳನ್ನು ಅಳೆಯುತ್ತಿರುವ ಮನುಷ್ಯ. ಮತ್ತೆ ಮತ್ತೆ ಅಳೆಯದೆ ಒಂದು ಸಂಖ್ಯೆಯನ್ನೂ ಯಾರಿಗೂ ತೋರಿಸದವರು. ಅವರ ಮುಖದಲ್ಲಿ ಈಗ ಇದ್ದ ನಗು ಒಮ್ಮೆಯೂ ಅಳೆಯದೆ ಇಟ್ಟ ನಗು. ಉರಯಾಸುವಿನ ಸಮುದಾಯ ಭವನದಲ್ಲಿ ಸಂಘದವರು ಅವಳ ತಲೆಗೆ ಮೊದಲ ಸಲ ಪೇಟ ಇಟ್ಟಾಗಲೂ ಅವರು ಹೀಗೇ ನಕ್ಕಿದ್ದರು. ಅದಕ್ಕೆ ಸ್ವಲ್ಪ ಮುಂಚೆ ಅವಳು ಯುರೋಪಿನ ಯಾವುದೋ ಹಿಮದ ಊರಿನಲ್ಲಿ, ಸ್ಕೀ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಭಾರತದ ಬಾವುಟ ಹೊತ್ತು ಬೆಟ್ಟದಿಂದ ಜಾರಿ ಬಂದಿದ್ದಳು. ಅವಳ ಹಿಂದೆ ಇದ್ದವರೆಂದರೆ ಬಿದ್ದವರು ಮಾತ್ರ. ನಿರೂಪಕಿ ಮೈಕಿನಲ್ಲಿ "ಕನ್ನಡ ಕುವರಿ" ಎಂದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಚಿಕ್ಕ ಹುಡುಗಿಯೊಬ್ಬಳು ಜಪಾನಿಯಲ್ಲಿ, ಗಟ್ಟಿಯಾಗಿ, "ಅಕ್ಕ ಗೆದ್ದಳಾ?" ಎಂದು ಕೇಳಿದಳು, ಅವಳ ತಾಯಿ ಬಾಯಿಗೆ ಚಕ್ಕುಲಿ ತುರುಕಿದಳು. ಆ ಭವನದಲ್ಲಿ ಯಾಮಿನಿಗೆ ಗೌರವ ಮೂಡಿದ್ದು ಆ ಹುಡುಗಿಯ ಮೇಲೆ ಮಾತ್ರ, ಅದೂ ಅವಳು ಚಕ್ಕುಲಿ ಕಡಿಯುವವರೆಗೆ.

ಫೋಟೋ ಮುಗಿಯುತ್ತಲೇ ಅವಳು ಪೇಟವನ್ನು ಅಪ್ಪನ ಕೈಗಿಟ್ಟು, ಶೌಚಾಲಯದ ನೆಪ ಹೇಳಿ, ಗ್ಯಾರೇಜಿನ ಹಿಂದಿನಿಂದ ತಂತಿಬೇಲಿಯ ಬಳಿಗೆ ನಡೆದಳು. ಅಲ್ಲಿ ರಸ್ತೆ ಇಳಿಜಾರಾಗಿ ಬಂದು ಬಲಕ್ಕೆ ಗಕ್ಕನೆ ಮಡಚಿಕೊಳ್ಳುತ್ತದೆ. ನಾತ್ಸುಮಿಯ ಬಿಳಿ ಕಾರು ಹೊರಟಿತ್ತು. ನಾತ್ಸುಮಿ ಗಿಡ್ಡ ಹುಡುಗಿ. ತಂದೆ ಸ್ನಾನದಮನೆಗಳಿಗೆ ಟೈಲ್ಸು ಹಾಕುವವನು. ಐದನೆಯ ವಯಸ್ಸಿನಿಂದ ಗೋ-ಕಾರ್ಟು ಓಡಿಸಿದವಳು. ಬೆಳಿಗ್ಗೆ ಟ್ರ್ಯಾಕಿಗೆ ಕಾಲಿಡುವ ಮುನ್ನ ಖಾಲಿ ರಸ್ತೆಗೆ ತಲೆಬಾಗಿ ನಮಸ್ಕರಿಸಿದ್ದಳು. ಯಾಮಿನಿಗೆ ಅದು ಕಂಡು ಹೇಸಿಗೆಯಾಗಿತ್ತು. ಟಾರಿಗೆ ನಮಸ್ಕಾರ. ನಾಲ್ಕು ವರ್ಷದವಳಾಗಿ ಮೈಸೂರಿನಿಂದ ಬಂದಾಗಿನಿಂದ ಬಾಗುವವರ ನಡುವೆಯೇ ಬೆಳೆದಿದ್ದಳು ಅವಳು: ಶಾಲೆಯ ಮೈದಾನಕ್ಕೆ, ಊಟದ ತಟ್ಟೆಗೆ, ನೀಗಾತದ ಸ್ಕೀ ಶಿಬಿರದಲ್ಲಿ ಹಿಮದ ಗುಡ್ಡಕ್ಕೆ. ಎಲ್ಲರ ಜೊತೆ ತಾನೂ ಬಾಗಿದ್ದಳು, ಎಲ್ಲರಿಗಿಂತ ಒಂದು ಅಂಗುಲ ಹೆಚ್ಚೇ, ಯಾರೂ ತನ್ನ ಬಣ್ಣದ ಕಡೆ ನೋಡದಿರಲಿ ಎಂದು. ಗುಡ್ಡ ಮಾತ್ರ ಯಾರು ಎಷ್ಟು ಬಾಗಿದರೆಂದು ಕೇಳುತ್ತಿರಲಿಲ್ಲ. ಅದಕ್ಕೇ ಗುಡ್ಡ ಹಿಡಿಸಿತ್ತು. ಜಿಲ್ಲೆಯ ಮಟ್ಟದಲ್ಲಿ ಗೆದ್ದಳು, ಪ್ರಾಂತದ ಮಟ್ಟದಲ್ಲಿ ಸುಮಾರಾದಳು, ಜಪಾನಿನ ತಂಡದ ಬಾಗಿಲೂ ಕಾಣಿಸಲಿಲ್ಲ. ಆಗ ಅಪ್ಪ, ನಿನ್ನ ಪಾಸ್‌ಪೋರ್ಟು ಭಾರತದ್ದಲ್ವೇನಮ್ಮ, ಎಂದಿದ್ದರು.

ಕಾರು ಇಳಿಜಾರಿನಲ್ಲಿ ಬಂತು. ಅವಳು ಮೊದಲು ಕೇಳಿದಳು, ಆಮೇಲೆ ನೋಡಿದಳು. ತಿರುವಿನ ಬಾಯಿಗೆ ಬರುವ ಮುಂಚೆಯೇ ಟೈರುಗಳು ಕಿರುಚಲು ಶುರುಮಾಡಿದವು, ತೆಳ್ಳಗೆ, ದಣಿದ ದನಿಯಲ್ಲಿ. ಆ ದನಿ ಅವಳಿಗೆ ಗೊತ್ತು. ಸ್ಕೀ ಸ್ಪರ್ಧೆಗಳಲ್ಲಿ ಬೇರೆ ದೇಶದವರ ಸ್ಕೀಗಳಿಗೆ ಮೇಣ ಹಚ್ಚಲು ಆಳುಗಳಿದ್ದರು, ಸಲಕರಣೆಯ ಪೆಟ್ಟಿಗೆಗಳಿದ್ದವು. ಅವಳು ಹೋಟೆಲಿನ ಬಚ್ಚಲಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ಪೆಟ್ಟಿಗೆಯಿಂದ ತಾನೇ ಮೇಣ ಕರಗಿಸಿ ಸವರುತ್ತಿದ್ದಳು. ಕೆಟ್ಟ ಸ್ಕೀ ಹಿಮದ ಮೇಲೆ ಹೀಗೇ ಅರಚುತ್ತದೆ, ಅದರ ಮೇಲೆ ನಿಂತವರು ಎಷ್ಟೇ ಒಳ್ಳೆಯವರಾಗಿರಲಿ. ಮುಂದಿನ ಸುತ್ತಿನಲ್ಲಿ ಅವಳು ಕಾರನ್ನು ಬಿಟ್ಟು ಕೈಗಳನ್ನು ನೋಡಿದಳು. ಕಾರು ಹೊರಕ್ಕೆ ಜಾರುತ್ತಿತ್ತು. ನಾತ್ಸುಮಿಯ ಕೈಗಳು ಅದು ಜಾರುವ ಮೊದಲೇ, ಬಾಗಿಲು ಮುಚ್ಚುವ ಗೃಹಿಣಿಯ ಕೈಯಂತೆ, ಆತುರವಿಲ್ಲದೆ ಅದನ್ನು ತಡೆಯುತ್ತಿದ್ದವು. ನಾನು ಅದೇ ತಿರುವಿನಲ್ಲಿ ಹೇಗಿದ್ದೆ? ರಸ್ತೆಗೆ ಅಂಟಿಸಿದ ಹಾಗೆ ಇದ್ದೆ. ಅದನ್ನು ನನ್ನ ಪ್ರತಿಭೆ ಎಂದುಕೊಂಡಿದ್ದೆ.

ಅವಳು ವಾಪಸು ಬಂದಾಗ ಪರದೆಯಲ್ಲಿ ಅವಳ ಹೆಸರು ಮೇಲೆ, ನಾತ್ಸುಮಿಯದು ಕೆಳಗೆ. ಚಪ್ಪಾಳೆ ಮೊದಲಿನಷ್ಟೇ ಬಿತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಾತ್ಸುಮಿ ಹೆಲ್ಮೆಟ್ಟು ತೆಗೆದು, ಅವಳ ಮುಂದೆ ಬಾಗಿ, ಅಭಿನಂದನೆ ಎಂದಳು. ಯಾಮಿನಿ ಬಿಳಿ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರನ್ನು ಮುಟ್ಟಿದಳು. ಹಳೆಯ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿ, ಅಂಚು ಹರಿದು, ಎಷ್ಟೋ ರೇಸು ಕಂಡಿದ್ದ ರಬ್ಬರು. ತನ್ನ ಕಾರಿನದು ಬೆರಳಿಗೆ ಅಂಟಿತು.

"ಓಝಾಕಿ ಸಾನ್, ಈ ಕಾರಿಗೆ ಹಳೆಯ ಟೈರು ಹಾಕಿದ್ದೀರಿ."

ಓಝಾಕಿ ಸಾನ್ ಹಲ್ಲುಗಳ ನಡುವೆ ಗಾಳಿ ಎಳೆದುಕೊಂಡ. ಅವನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುವಷ್ಟು ಅವಳನ್ನು ಲೆಕ್ಕಕ್ಕಿಟ್ಟಿರಲಿಲ್ಲ. "ಕಳೆದ ವಾರ ನಿಮ್ಮ ತಂದೆಯವರು ಪದ್ಮನಾಭ ಸಾನ್ ಜೊತೆ ಕಚೇರಿಗೆ ಬಂದಿದ್ದರು," ಎಂದ, ಮಳೆ ಬಂದಿತ್ತು ಎನ್ನುವ ದನಿಯಲ್ಲಿ. "ಬಹಳ ಸೌಜನ್ಯದಿಂದ ಕೇಳಿಕೊಂಡರು. ನಮಗೆ ಸಾಧ್ಯವಾದ ವ್ಯವಸ್ಥೆ ಮಾಡಿದೆವು." ಮತ್ತೆ ಬಾಗಿದ. ವ್ಯವಸ್ಥೆಯಲ್ಲಿ ಏನಾದರೂ ಕೊರತೆಯಾಯಿತೇ ಎಂದು ಅವನ ಹುಬ್ಬುಗಳು ಕೇಳುತ್ತಿದ್ದವು.

ಅಪ್ಪ ಪಾರ್ಕಿಂಗಿನಲ್ಲಿ, ಬಾಡಿಗೆ ಕಾರಿನ ಹಿಂಬಾಗಿಲು ತೆರೆದು, ಅದರ ಅಂಚಿನ ಮೇಲೆ ಕೂತು ಸ್ಟೀಲ್ ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದರು. ಪೇಟ ಪಕ್ಕದಲ್ಲಿ, ಟಿಶ್ಯೂ ಕಾಗದದ ಮೇಲೆ, ಸಾಕಿದ ಪ್ರಾಣಿಯಂತೆ ಕೂತಿತ್ತು.

"ಬಾ ಪುಟ್ಟಾ, ಎರಡು ತುತ್ತು ತಿನ್ನು. ಉಪ್ಪಿನಕಾಯಿ ಇದೆ."

"ಅಪ್ಪ, ಓಝಾಕಿ ಸಾನ್ ಹತ್ರ ಏನು ಹೇಳಿದೆ ನೀನು?"

"ನಾನಾ? ಏನಿಲ್ವಲ್ಲ. ಪದ್ಮನಾಭ ಹೋಗ್ತಿದ್ದ, ನಾನೂ ಹೋದೆ. ನಮ್ಮ ಹುಡುಗಿ, ಸ್ವಲ್ಪ ನೋಡ್ಕೊಳ್ಳಿ ಅಂತ ಒಂದು ಮಾತು ಹೇಳ್ದೆ. ಅಷ್ಟೆ. ಯಾಕೆ?"

"They put old tyres on her car."

"ಯಾರ ಕಾರಿಗೆ?" ಅಪ್ಪನ ಚಮಚ ನಿಂತಿತು. ಅವರ ಮುಖದಲ್ಲಿ ಮೊದಲು ನಿಜವಾದ ಅಚ್ಚರಿ, ಆಮೇಲೆ, ಮುಚ್ಚಿಡಲಾಗದೆ, ಒಂದು ಮೆಚ್ಚುಗೆ. "ಅಬ್ಬಾ, ಇಷ್ಟು ಸೀರಿಯಸ್ಸಾಗಿ ತಗೊಂಡ್ರಾ! ನಾನು ಸುಮ್ನೆ... ನಮ್ಮಲ್ಲಿ ಹೇಳಲ್ವೇನಮ್ಮ, ಎಲ್ರಿಗೂ ಹೇಳ್ತಾರೆ, ಎಲ್ರೂ ಹೂಂ ಅಂತಾರೆ, ಅರ್ಧ ಮರ್ತುಬಿಡ್ತಾರೆ. ಹೇಳ್ದೇ ಇದ್ರೆ ತಪ್ಪಾಗುತ್ತೆ ಅಂತ ಹೇಳೋದು."

ಅದು ನಿಜ. ಅವಳ ಶಾಲೆಯ ದಾಖಲಾತಿಗೆ, ಅಜ್ಜಿಯ ಆಸ್ಪತ್ರೆಯ ಹಾಸಿಗೆಗೆ, ರೈಲಿನಲ್ಲಿ ಕೆಳಗಿನ ಬರ್ತಿಗೆ, ಅಪ್ಪ ಯಾವಾಗಲೂ ಯಾರಿಗೋ ಒಂದು ಮಾತು ಹೇಳಿಟ್ಟಿರುತ್ತಿದ್ದರು, ದಾರಿಯಲ್ಲಿ ಸಿಕ್ಕ ದೇವರಿಗೆ ಕೈ ಮುಗಿಯುವ ಹಾಗೆ. ಊರಿನಲ್ಲಿ ಆ ಮಾತು ಹತ್ತು ಕೈ ದಾಟುವಷ್ಟರಲ್ಲಿ ನೀರಾಗುತ್ತಿತ್ತು. ಇಲ್ಲಿ ಮಾತು ನೀರಾಗುವುದಿಲ್ಲ. ಇಲ್ಲಿ ಅದನ್ನು ಬರೆದುಕೊಳ್ಳುತ್ತಾರೆ, ಸಭೆ ಸೇರುತ್ತಾರೆ, ಟೈರು ಹುಡುಕಿ ತೆಗೆಯುತ್ತಾರೆ. ಇಪ್ಪತ್ತು ವರ್ಷ ಈ ದೇಶದ ಅನ್ನ ತಿಂದ ವಿಜ್ಞಾನಿಗೆ ಅದು ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು. ಯಾವುದು ಹೆಚ್ಚು ಅಸಹ್ಯ ಎಂದು ಅವಳು ಯೋಚಿಸುತ್ತಿದ್ದಾಗ, ಕೇಳಬಾರದೆಂದು ವರ್ಷಗಟ್ಟಲೆ ಹಲ್ಲು ಕಚ್ಚಿ ಹಿಡಿದಿದ್ದ ಪ್ರಶ್ನೆ ತಾನಾಗಿ ಹೊರಗೆ ಬಂತು.

"ದೆಹಲಿಯವ್ರಿಗೂ ಹೇಳಿದ್ಯಾ? ಸ್ಕೀ ಸೆಲೆಕ್ಷನ್‌ಗೆ?"

ಅಪ್ಪ ಉಪ್ಪಿನಕಾಯಿಯ ಮಿಡಿಯನ್ನು ಡಬ್ಬಿಯ ಅಂಚಿಗೆ ಸರಿಸಿದರು. "ಅದಕ್ಕೇನು, ಅಲ್ಲಿ ಯಾರಿದ್ರು ಹೇಳು? ಕಾಶ್ಮೀರದ ಒಬ್ಬಳು ಹುಡುಗಿ ಇದ್ಲು, ಅವಳಿಗೆ ವೀಸಾ ಪ್ರಾಬ್ಲಮ್ಮು. ನಾನು ಹೇಳ್ದೇ ಇದ್ರೂ ನಿಂಗೇ ಸಿಕ್ತಿತ್ತು."

"Then why did you?"

"ಸಿಗ್ದೇ ಹೋಗಿದ್ರೆ?" ಎಂದರು ಅಪ್ಪ, ಅತ್ಯಂತ ಸರಳವಾಗಿ.

ಕಾಶ್ಮೀರದ ಹುಡುಗಿಯೊಬ್ಬಳಿದ್ದಳು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಹೆಸರು ಕೇಳಬೇಕೆನಿಸಿತು, ಕೇಳಿದರೆ ಹೆಸರಿಗೊಂದು ಮುಖ ಬರುತ್ತದೆ, ಬೇಡ. ಅವಳು ಅಪ್ಪನನ್ನು ನೋಡಿದಳು. ಮೊಸರು ಅಂಟಿದ ಮೀಸೆ, ಮೊಣಕಾಲಿನ ಮೇಲೆ ಹರಡಿದ ಕರವಸ್ತ್ರ. ಈ ಮನುಷ್ಯ ತನ್ನನ್ನು ಒಂದು ಕ್ಷಣವೂ ನಂಬಿರಲಿಲ್ಲ. ಪ್ರೀತಿಸಿದ್ದರು, ಧಾರಾಳವಾಗಿ, ಕುಂಟು ಮಗುವನ್ನು ಪ್ರೀತಿಸುವ ಹಾಗೆ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಸ್ಕೀ ಬಿಡಬೇಕಾಗಿ ಬಂದಾಗ ಆಸ್ಪತ್ರೆಯಲ್ಲಿ ಅಪ್ಪ ಅತ್ತಿದ್ದರು, ಅವಳು ಅತ್ತಿರಲಿಲ್ಲ. ಆಮೇಲೆ ಹಮಾಮತ್ಸುವಿನ ಬಿಡಿಭಾಗಗಳ ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಸಹೋದ್ಯೋಗಿಗಳ ಜೊತೆ ರಜಾದಿನ ಬಾಡಿಗೆ ಕಾರ್ಟಿನಲ್ಲಿ ಕೂತಾಗ, ಇದನ್ನು ಯಾರಿಗೂ ಹೇಳಬಾರದು ಎಂದುಕೊಂಡಿದ್ದಳು. ಎರಡು ವರ್ಷ ಹೇಳಿರಲಿಲ್ಲ. ಅಪ್ಪನಿಗೆ ಹೇಳಿದ್ದು ಕಳೆದ ತಿಂಗಳು, ಫೋನಿನಲ್ಲಿ, ಒಂದು ದುರ್ಬಲ ಸಂಜೆ.

ನಾತ್ಸುಮಿ ಗ್ಯಾರೇಜಿನ ಹಿಂದೆ ಕೊಂಬಿನಿ ಅಂಗಡಿಯ ಅನ್ನದುಂಡೆ ತಿನ್ನುತ್ತಿದ್ದಳು. ಯಾಮಿನಿ ಎದುರು ನಿಂತಳು. ದಾರಿಯುದ್ದಕ್ಕೂ ವಾಕ್ಯವನ್ನು ಜೋಡಿಸಿಕೊಂಡು ಬಂದಿದ್ದಳು, ತನ್ನ ಔದಾರ್ಯ ಅದರಲ್ಲಿ ಹೊಳೆಯದಂತೆ, ಆದರೆ ಕಾಣುವಂತೆ.

"ನಾತ್ಸುಮಿ ಸಾನ್, ಮಧ್ಯಾಹ್ನ ನನ್ನ ಕಾರಿನಲ್ಲಿ ನೀವು ಓಡಿಸಿ. ನಿಮ್ಮದರಲ್ಲಿ ನಾನು. ನಿಮಗೆ ಹಾಕಿದ ಟೈರು ಹಳೆಯದು."

ನಾತ್ಸುಮಿ ಬಾಯಲ್ಲಿದ್ದದ್ದನ್ನು ಪೂರ್ತಿ ನುಂಗಿದಳು. "ಗೊತ್ತು. ಮೊದಲ ತಿರುವಿನಲ್ಲೇ ಗೊತ್ತಾಯಿತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದರೆ ಈ ಊರಿನಲ್ಲಿ ನನಗೆ ಇನ್ನೊಮ್ಮೆ ಯಾರು ಕಾರು ಕೊಡುತ್ತಾರೆ?" ಅವಳು ನಕ್ಕಳು, ಅಥವಾ ತುಟಿಗೆ ಅಂಟಿದ ಎಳ್ಳು ಒರೆಸಿಕೊಂಡಳು. "ಹಳೆಯದು ಅಂತ ನಿಮಗೆ ಬೇಲಿಯ ಹಿಂದೆ ನಿಂತು ಗೊತ್ತಾಯಿತು. ಹೊಸದರ ಮೇಲೆ ಕೂತಿದ್ದಾಗ, ಅದು ಹೊಸದು ಅಂತ ಗೊತ್ತಾಗಲಿಲ್ಲವೇ?"

ಜಪಾನಿಯ ಅತ್ಯಂತ ಮರ್ಯಾದೆಯ ಕ್ರಿಯಾಪದದಲ್ಲಿ ಕೇಳಿದಳು ಅದನ್ನು. ಯಾಮಿನಿಯ ಕಿವಿ ಬಿಸಿಯಾಯಿತು.

"ನನ್ನ ಓಟ ಮುಗಿಯಿತು," ಎಂದಳು ನಾತ್ಸುಮಿ. "ನಿಮ್ಮ ಟೈರು ನನಗೆ ಬೇಡ. ಗೆದ್ದರೆ ಜೀವನವಿಡೀ ನಿಮಗೆ ಬಾಗಬೇಕಾಗುತ್ತದೆ. ನನ್ನ ಕಾರು ಬೇಕಾದರೆ ತೆಗೆದುಕೊಳ್ಳಿ. ಎರಡನೇ ಗೇರಿನಿಂದ ಮೂರಕ್ಕೆ ಸ್ವಲ್ಪ ಒರಟು, ಕ್ಷಮಿಸಿ." ಮತ್ತೆ ಅನ್ನದುಂಡೆಗೆ ತಿರುಗಿದಳು. ಅಷ್ಟು ಶುದ್ಧವಾದ ತಿರಸ್ಕಾರವನ್ನು ಯಾಮಿನಿ ಈವರೆಗೆ ತನ್ನೊಳಗೆ ಮಾತ್ರ ಕಂಡಿದ್ದಳು; ಬೇರೆಯವರಲ್ಲಿ ಕಂಡಾಗ ಅದು ತನ್ನದಕ್ಕಿಂತ ಚೊಕ್ಕಟವಾಗಿದೆ ಎನ್ನಿಸಿತು.

ಬಿಳಿ ಕಾರನ್ನು ತಾನು ಓಡಿಸುವುದಾಗಿ ಹೇಳಿದಾಗ ಓಝಾಕಿ ಸಾನ್ ಮತ್ತೆ ಗಾಳಿ ಎಳೆದುಕೊಂಡ, ಆದರೆ ಅತಿಥಿಗಳು ಬಯಸಿದ್ದನ್ನು ಬೇಡವೆನ್ನುವುದು ಅವನ ಶಾಸ್ತ್ರದಲ್ಲಿರಲಿಲ್ಲ. ಬಿಳಿ ಕಾರಿನ ಸೀಟು ನಾತ್ಸುಮಿಯ ಅಳತೆಯದು. ಮಂಡಿ, ಹೊಲಿಗೆ ಬಿದ್ದ ಮಂಡಿ, ಸ್ಟಿಯರಿಂಗ್‌ನ ಕೆಳಗೆ ಒತ್ತಿತು. ಮೊದಲ ಸುತ್ತಿನಲ್ಲೇ, ಇಳಿಜಾರಿನ ತಿರುವಿನಲ್ಲಿ, ಕಾರಿನ ಹಿಂಭಾಗ ಅವಳನ್ನು ಕೇಳದೆ ಹೊರಟಿತು. ಹಿಡಿದಳು; ತಡವಾಗಿ ಹಿಡಿದಳು; ಕಾರು ಮರಳಿನ ಅಂಚು ಮುಟ್ಟಿ ಬಂತು. ನಾತ್ಸುಮಿಯ ಕೈಗಳು ಜಾರುವ ಮೊದಲು ತಿರುಗುತ್ತಿದ್ದವು, ತನ್ನವು ಜಾರಿದ ಮೇಲೆ ತಿರುಗುತ್ತಿವೆ. ನಡುವಿನ ಆ ಚೂರು ಹೊತ್ತು, ಅದೇ ಎಲ್ಲವೂ. ಅದು ಐದನೆಯ ವಯಸ್ಸಿನಿಂದ ಶುರುವಾಗುವಂಥದ್ದು, ಯಾರೂ ಯಾರಿಗೂ ಹೇಳಿಡಲಾಗದಂಥದ್ದು. ಎರಡನೆಯ ಸುತ್ತಿಗೆ ಅವಳಿಗೆ ಉತ್ತರ ಗೊತ್ತಾಗಿಹೋಗಿತ್ತು. ಇಷ್ಟು ವರ್ಷ ಕಾದಿದ್ದ ಉತ್ತರ, ಮುಲಾಜಿಲ್ಲದ್ದು, ಪೃಷ್ಠದ ಮೂಲಕ, ಸವೆದ ರಬ್ಬರಿನ ಮೂಲಕ ಬಂದು ತಲುಪಿತ್ತು. ನೀನು ಸುಮಾರು. ಕೆಟ್ಟವಳಲ್ಲ, ಸುಮಾರು. ನಿಲ್ಲಿಸಬಹುದಿತ್ತು. ಬೆಟ್ಟದಲ್ಲಾದರೆ ಇಷ್ಟು ಹೊತ್ತಿಗೆ ಕೆಳಗೆ ಮುಟ್ಟಿ, ಸ್ಕೀ ಕಳಚಿ, ಯಾರ ಮುಖವನ್ನೂ ನೋಡದೆ ಬಸ್ಸಿಗೆ ನಡೆದಿರುತ್ತಿದ್ದಳು. ಒಮ್ಮೆ ಇಳಿದ ಇಳಿಜಾರು ಮತ್ತೆ ಬರುವುದಿಲ್ಲ, ದಾರಿ ಗುರುತಿಸುವ ಕಂಬಗಳನ್ನು ಕಿತ್ತು ಬೇರೆ ಕಡೆ ನೆಡುತ್ತಾರೆ. ಇಲ್ಲಿ ಅದೇ ತಿರುವು ಮತ್ತೆ ಎದುರಿಗೆ ಬಂತು, ಅವಳ ತಪ್ಪನ್ನು ಹಾಗೇ ಇಟ್ಟುಕೊಂಡು. ಈ ಸಲ ಸ್ವಲ್ಪ ಮೊದಲೇ ತಿರುಗಿಸಿದಳು. ಮುಂದಿನ ಸಲ ಇನ್ನೂ ಸ್ವಲ್ಪ. ಒಂದು ಸಲ, ಒಂದೇ ಒಂದು ಸಲ, ಕಾರು ಜಾರುವುದು ಅವಳಿಗೆ ಅದು ಜಾರುವ ಮೊದಲು ಗೊತ್ತಾಯಿತು. ಬಾಯಿಂದ ಏನೋ ಶಬ್ದ ಹೊರಟಿತು, ಹೆಲ್ಮೆಟ್ಟಿನೊಳಗೆ, ಯಾವ ಭಾಷೆಯದೂ ಅಲ್ಲದ್ದು. ಇನ್ನೊಂದು ಸುತ್ತು, ಇನ್ನೊಂದು. ಅಷ್ಟರಲ್ಲಿ ಟ್ರ್ಯಾಕಿನಂಚಿನ ಗೋಡೆಯ ಮೇಲಿಂದ ಯಾರೋ ಬಾವುಟ ಬೀಸಿ ಒಳಗೆ ಕರೆದರು.

ಪರದೆಯಲ್ಲಿ ಅದೇ ಟೈರುಗಳ ಮೇಲೆ ನಾತ್ಸುಮಿ ಮಾಡಿದ ಅಂಕಿ, ಅದರ ಕೆಳಗೆ, ಬಹಳ ಕೆಳಗೆ, ಅವಳದು. ಯಾರೂ ಅದರ ಕಡೆ ನೋಡಲಿಲ್ಲ. ನೋಡದಿರುವುದರಲ್ಲಿ ಅವರು ನುರಿತವರು. ಮೆಕ್ಯಾನಿಕ್ಕುಗಳು ತಟ್ಟಿದರು. ಪದ್ಮನಾಭ ಅಂಕಲ್ ರೈಲಿಗೆ ಹೊರಟುಹೋಗಿದ್ದರು. ಓಝಾಕಿ ಸಾನ್ ಎಲ್ಲರನ್ನೂ ಅರ್ಧವೃತ್ತದಲ್ಲಿ ನಿಲ್ಲಿಸಿ, ಇಬ್ಬರೂ ಶ್ರಮಪಟ್ಟಿದ್ದಕ್ಕೆ ವಂದನೆ ಹೇಳಿ, ಬೆಳಗಿನ ಫಲಿತಾಂಶದ ಆಧಾರದ ಮೇಲೆ ಮುಂದಿನ ವರ್ಷದ ಕಾರು ಯಾಮಿನಿ ಸಾನ್ ಅವರದೆಂದು ಹೇಳಿದ. ಅಪ್ಪ ಅರ್ಧವೃತ್ತದ ತುದಿಯಲ್ಲಿ ನೆಲ ನೋಡುತ್ತಾ ನಿಂತಿದ್ದರು. ಈಗ ಅವಳು ಹೇಳಬೇಕಿತ್ತು. ಬೇಡ ಎನ್ನಬೇಕಿತ್ತು, ಅದು ನಾತ್ಸುಮಿ ಸಾನ್ ಅವರದು ಎನ್ನಬೇಕಿತ್ತು. ಜಪಾನಿಯಲ್ಲಿ ಅದಕ್ಕೆ ಬೇಕಾದ ಪ್ರತಿ ಪದವೂ ಅವಳಿಗೆ ಗೊತ್ತಿತ್ತು. ಎಲ್ಲರೂ ಕಾದರು. ಅವಳ ಕಣ್ಣ ಮುಂದೆ ಆ ಇಳಿಜಾರಿನ ತಿರುವು ಬಂತು, ಅದರ ಒಳ ಅಂಚು, ತಾನು ಇನ್ನೂ ಒಂದು ಗೇಣು ಹತ್ತಿರ ಹೋಗಬಹುದಾಗಿದ್ದ ಜಾಗ. ನಾಳೆಯೇ ಅಲ್ಲಿಗೆ ಹೋಗಬೇಕು ಎನ್ನಿಸಿತು. ಹಸಿವಿನಂತೆ, ನಾಚಿಕೆಯಿಲ್ಲದ ಹಾಗೆ. ಜೀವಮಾನದಲ್ಲಿ ಯಾವುದನ್ನೂ ಅವಳು ಇಷ್ಟು ಬಯಸಿರಲಿಲ್ಲ. ಬೆನ್ನು ತಾನಾಗಿ ಬಾಗಿತು. ನಿಮ್ಮ ಕೃಪೆ ಇರಲಿ ಎಂಬ ಮಾತು ಅವಳ ಬಾಯಿಂದ ಒಂದು ತೊದಲೂ ಇಲ್ಲದೆ, ಇಲ್ಲೇ ಹುಟ್ಟಿದವರ ಉಚ್ಚಾರದಲ್ಲಿ ಹೊರಬಿತ್ತು. ನೆಲ ನೋಡುತ್ತಲೇ, ನಾತ್ಸುಮಿಯ ಸಣ್ಣ ಬೂಟುಗಳು ಅರ್ಧವೃತ್ತವನ್ನು ಬಿಟ್ಟು, ಅವಸರವಿಲ್ಲದೆ, ಗ್ಯಾರೇಜಿನ ಕಡೆ ಹೋಗುವುದನ್ನು ಕಂಡಳು. ಅವು ಮರೆಯಾಗುವವರೆಗೆ ತಲೆ ಎತ್ತಲಿಲ್ಲ. ಅದನ್ನು ಎಲ್ಲರೂ ವಿನಯವೆಂದುಕೊಂಡರು.

ಹೆದ್ದಾರಿಯಲ್ಲಿ ಅಪ್ಪ ಎಡಗಡೆಯ ಪಥದಲ್ಲೇ, ಲಾರಿಗಳ ಹಿಂದೆ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಓಡಿಸುತ್ತಿದ್ದರು. ಚಹಾ ತೋಟಗಳು ಬಂದವು, ಹೋದವು. ಅಪ್ಪ ಒಂದೆರಡು ಸಲ ಬಾಯಿ ತೆರೆದು ಮುಚ್ಚಿದರು. ಅವರು ಕ್ಷಮೆ ಕೇಳುತ್ತಾರೆ, ಆಗ ಮುಖದ ಮೇಲೆ ಹೊಡೆದಂತೆ ಏನಾದರೂ ಹೇಳಬೇಕು ಎಂದು ಯಾಮಿನಿ ಮಾತುಗಳನ್ನು ಹರಿತ ಮಾಡಿಕೊಂಡು ಕೂತಿದ್ದಳು.

"ಖುಷಿನಾ, ಪುಟ್ಟಾ?" ಎಂದರು ಅಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ, ಹೆದರುತ್ತಾ.

ಅವಳು ಕಿಟಕಿಯ ಕಡೆ ತಿರುಗಿದಳು. ಹೇಳಬೇಕೆಂದುಕೊಂಡದ್ದೆಲ್ಲ ನಾಲಿಗೆಯ ಮೇಲಿತ್ತು, ಮತ್ತು ಅದರಲ್ಲಿ ಒಂದೂ ನಿಜವಾಗಿರಲಿಲ್ಲ.

"ಹೂಂ," ಎಂದಳು.